ದಿಲಾವರ್ ಬಾಗಿನ ಡಬ್ಬಿ

ತಾರ್ನಾಕ, ಹೈದರಾಬಾದ್
ಮಂಗಳವಾರ, 6 ಫೆಬ್ರವರಿ 2007

ನನ್ನ ಚಿತ್ರಾಳಿಗೆ,

ಅಮ್ಮನ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಇದನ್ನು ಊಟ ಮಾಡಿದ ನಂತರ ಓದು. ಮೊದಲೇ ಓದಿದರೆ ಊಟ ಸೇರುವುದಿಲ್ಲ. ಓದುವಾಗ ನಿನ್ನ ಕೋಣೆಯ ಆ ಗೆಳತಿ ಪಕ್ಕದಲ್ಲಿ ಕೂತು ಇಣುಕಬಾರದು.

ಫೋನಿನಲ್ಲಿ ಹೇಳಬಾರದಿತ್ತೇ ಎಂದು ಕೇಳುತ್ತೀ. ನಮ್ಮ ಫೋನು ಇರುವುದು ಪಡಸಾಲೆಯಲ್ಲಿ, ನಿಮ್ಮ ಅಪ್ಪನ ಕುರ್ಚಿಯ ಮಗ್ಗುಲಿಗೆ. ಇ-ಮೇಲ್ ಮಾಡೋಣವೆಂದರೆ ಎದುರುಮನೆಯ ಹುಡುಗಿಯ ಕೈಕಾಲು ಹಿಡಿಯಬೇಕು. ಮೇಲಾಗಿ ನಿನ್ನ ಪಾಸ್‌ವರ್ಡ್ ತರುಣನಿಗೆ ಗೊತ್ತು ಎಂದು ನೀನೇ ಒಮ್ಮೆ ನಗುತ್ತ ಹೇಳಿದ್ದೆ. ನೀನು ನಕ್ಕೆ, ನಾನು ನೆನಪಿಟ್ಟುಕೊಂಡೆ. ಈ ಪತ್ರ ಅವನ ವಿಷಯಕ್ಕೇ ಇದೆ.

ಅವನನ್ನು ನೀನೇ ಆರಿಸಿಕೊಂಡೆ. ಕುಂದಾಪುರದವನು, ಇಲ್ಲೇ ಮಾಧಾಪುರದಲ್ಲಿ ನಿನ್ನದೇ ಕಂಪನಿ, ನಿನ್ನದೇ ಮಹಡಿ. ನಮ್ಮ ಕಡೆಯವನಲ್ಲ, ನಮ್ಮ ಜಾತಿಯವನಲ್ಲ, ಮನೆಯಲ್ಲಿ ಮೀನು ಬೇಯುತ್ತದೆ. ಅಷ್ಟನ್ನೂ ನುಂಗಿಕೊಂಡೆ. ಡಿಸೆಂಬರಿನಲ್ಲಿ ಅವನ ತಂದೆ ತಾಯಿ ಅಷ್ಟು ದೂರದಿಂದ ಬಂದು ನಿಶ್ಚಯಕ್ಕೆ ದಿನ ಕೇಳಿದಾಗ, ಹೋಳಿ ಹುಣ್ಣಿಮೆ ಆಗಲಿ ನೋಡೋಣ ಎಂದು ನಾನು ತಳ್ಳಿಹಾಕಿದೆ. ಅದಕ್ಕೆ ನೀನು ಮಾತು ಬಿಟ್ಟು, ಮುಖ ಊದಿಸಿಕೊಂಡೇ ಕಂಪನಿ ಕೆಲಸಕ್ಕೆಂದು ಪುಣೆಗೆ ಹೋದೆ. ಈಗ ಹೇಳುತ್ತೇನೆ ಕೇಳು. ಆ ಹೋಳಿ ಹುಣ್ಣಿಮೆ ನಮ್ಮನ್ನು ಉಳಿಸಿತು.

ನಾಚಾರಂ ದಾಟಿ ಮುಂದೆ ಹೋದರೆ ದಿಲಾವರ್ ಬಾಗ್ ಸಿಗುತ್ತದೆ. ನೀನು ನೋಡಿಲ್ಲ. ಹಿಂದೆ ಯಾರೋ ಜಾಗೀರದಾರನ ಊರಾಚೆಯ ಬಂಗಲೆ, ತೋಟ, ಬೇಟೆಯ ಕಾಡು ಎಲ್ಲ ಅದೇ. ನಿಮ್ಮ ಅಜ್ಜನ ಕಾಲದಲ್ಲಿ ಗೇಟಿನ ಹತ್ತಿರ ನಿಂತರೂ ಪಹರೆಯವನು ಗದರಿಸುತ್ತಿದ್ದನಂತೆ. ಈಗ ಸರ್ಕಾರದವರು ಬೇಲಿ ಹಾಕಿ, ಕಾಲುದಾರಿ ಮಾಡಿ, ಉದ್ಯಾನ ಎಂದು ಬೋರ್ಡು ಬರೆಸಿ ಟಿಕೆಟ್ ಇಟ್ಟಿದ್ದಾರೆ. ಬಂಗಲೆಯ ಮಾಳಿಗೆ ಬಿದ್ದಿದೆ, ಬಾವಿಗೆ ಜಾಲರಿ ಬಡಿದಿದ್ದಾರೆ. ಹುಣಸೆ, ಬೇವು, ಸೀತಾಫಲ ಮಾತ್ರ ತಮ್ಮ ಪಾಡಿಗೆ ಬೆಳೆದು ಒಳಗೆ ಹಗಲಲ್ಲೂ ಅರೆಗತ್ತಲೆ.

ನನ್ನ ಮೊಣಕಾಲಿನ ಚಿಂತೆಯನ್ನು ಮೇಲಿನ ಮನೆಯ ಉಮಾಬಾಯಿ ತಾವೇ ಹೊತ್ತುಕೊಂಡಿದ್ದಾರೆ. ಜನವರಿಯ ಕೊನೆಯ ಭಾನುವಾರ, ನಿಮ್ಮ ಅಪ್ಪ ಎಂದಿನಂತೆ ಸಮಾಜದ ಭವನದಲ್ಲಿ ವಚನ ಪಠಣವಿದೆ ಎಂದು ಹೊರಟ ಮೇಲೆ, "ಏಳ್ರಿ ನೀಲಾಂಬಿಕಾ, ನಡೀಲಾರದ ಕಾಲು ತುಕ್ಕ ಹಿಡಿತಾವ" ಎಂದು ನನ್ನನ್ನು ಷೇರ್ ಆಟೋದಲ್ಲಿ ತುಂಬಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋದರು. ನಡೆದಾದ ಮೇಲೆ ತಿನ್ನಲೆಂದು ನಾನು ಚೀಲದಲ್ಲಿ ಅಂಟಿನುಂಡಿ ಹಾಕಿಕೊಂಡಿದ್ದೆ. ಈ ವರ್ಷ ಒಣಕೊಬ್ಬರಿ, ಉತ್ತತ್ತಿ ಹೆಚ್ಚು ಹಾಕಿ ಮಾಡಿದ್ದೇನೆ, ನಿನಗೂ ಒಂದು ಡಬ್ಬಿ ಎತ್ತಿಟ್ಟಿದ್ದೇನೆ.

ಬಂಗಲೆಯ ಹಿಂದೆ ನಾವು ಕೂತಿದ್ದಾಗ ಯಾರು ಬಂದರು ಎನ್ನುತ್ತೀ? ನಿನ್ನ ತರುಣ. ಕೈಯಲ್ಲಿ ಮೊಬೈಲಿಗಿಂತ ದಪ್ಪನೆಯ ಒಂದು ಹಳದಿ ಯಂತ್ರ. ಅದನ್ನು ನೋಡುವುದು, ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಹಿಂದೆ ಬರುವುದು. ಆಮೇಲೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹುಣಸೆಮರದ ಬೇರಿನ ಸಂದಿಯಲ್ಲಿ ಕೈ ಹಾಕಿ ಏನನ್ನೋ ಇಟ್ಟು, ಒಣಗಿದ ಎಲೆ ಮುಚ್ಚಿ, ಕೈ ಒರೆಸಿಕೊಂಡು ಗೇಟಿನ ಕಡೆ ಹೋದ. ಒಳ್ಳೆಯ ಕೆಲಸ ಮಾಡುವವನಿಗೆ ಹಿಂದೆ ತಿರುಗಿ ನೋಡುವ ಗರಜು ಏನಿರುತ್ತದೆ, ನೀನೇ ಹೇಳು.

ನಾನು ಹೋಗಿ ಎಲೆ ಸರಿಸಿದೆ. ಒಂದು ಪ್ಲಾಸ್ಟಿಕ್ ಡಬ್ಬಿ, ಗಟ್ಟಿ ಮುಚ್ಚಳದ್ದು. ಒಳಗೆ ಒಂದು ಸ್ಕ್ರೂ, ಒಂದು ಪುಟ್ಟ ಆಟಿಕೆ ವಿಮಾನ, ಮತ್ತೆ ಹೆಣ್ಣುಮಕ್ಕಳು ತಲೆಗೆ ಹಾಕಿಕೊಳ್ಳುವ ಕೆಂಪು ಚಿಟ್ಟೆ ಕ್ಲಿಪ್ಪು. ಸ್ಕ್ರೂ, ವಿಮಾನದ ಅರ್ಥ ನನಗೆ ಆಗಲಿಲ್ಲ, ಕ್ಲಿಪ್ಪಿನ ಅರ್ಥ ಚೆನ್ನಾಗಿಯೇ ಆಯಿತು. ಸಾಕ್ಷಿಗೆ ಇರಲೆಂದು ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮುಚ್ಚಳ ಹಾಕಲು ಮನಸ್ಸು ಬರಲಿಲ್ಲ. ನಿನಗೆ ಗೊತ್ತಲ್ಲ, ಯಾರದೇ ಡಬ್ಬಿಯಿಂದ ಒಂದು ವಸ್ತು ತೆಗೆದರೆ ಅದನ್ನು ಹಾಗೇ ವಾಪಸ್ ಕೊಡುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಸಕ್ಕರೆಯಾದರೂ ನಾಲ್ಕು ಕಾಳು ಹಾಕಿಯೇ ಕೊಡಬೇಕು. ನಿಮ್ಮ ಅಜ್ಜಿ ಸಾಯುವ ಹಿಂದಿನ ವಾರವೂ ಅದಕ್ಕಾಗಿ ನನ್ನನ್ನು ಬೈದಿದ್ದರು. ಒಂದು ಅಂಟಿನುಂಡಿಯನ್ನು ಕಾಗದದಲ್ಲಿ ಸುತ್ತಿ ಇಟ್ಟು ಮುಚ್ಚಿದೆ. ಉಮಾಬಾಯಿ ಹಣೆ ಹಣೆ ಬಡಿದುಕೊಂಡರು. "ಕಳ್ಳರ ಡಬ್ಬಿಗೂ ಶಾಸ್ತ್ರ ಏನ್ರೀ ನಿಮ್ದು!" ಎಂದು ಗೇಟಿನವರೆಗೂ ನಕ್ಕರು.

ಗುರುವಾರ ತರುಣ ಯಥಾಪ್ರಕಾರ ಊಟಕ್ಕೆ ಬಂದ. ನೀನು ಇಲ್ಲದಾಗ ನಮ್ಮನ್ನು ನೋಡಿಕೊಳ್ಳುವುದು ಅವನ ಕರ್ತವ್ಯವಂತೆ! ಎರಡನೇ ರೊಟ್ಟಿ ಬಡಿಸುತ್ತ, ಭಾನುವಾರ ಬೆಳಿಗ್ಗೆ ಎಲ್ಲಿದ್ದೆಯಪ್ಪ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ತಲೆ ಎತ್ತದೆ, "ಆಫೀಸಲ್ಲಿ ಸ್ವಲ್ಪ ಕೆಲಸ ಇತ್ತು ಆಂಟಿ" ಎಂದ. ಕಿವಿ ಮಾತ್ರ ಕೆಂಪಾಯಿತು. ನಿಮ್ಮ ಅಪ್ಪನಿಗೆ ಅದೇ ಹೊತ್ತಿಗೆ ನೆತ್ತಿಗೇರಿ ಕೆಮ್ಮು ಬಂದು, ನೀರು ಕೊಡುವ ಗಡಿಬಿಡಿಯಲ್ಲಿ ಮಾತು ತಪ್ಪಿಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ನಾನು ಎದುರಿಗೇ ನಿಂತು ನೋಡುತ್ತಿದ್ದೆ.

ಮೊನ್ನೆ ಭಾನುವಾರ ಮತ್ತೆ ಹೋದೆವು. ಮತ್ತೆ ಬಂದ. ಈ ಸಲ ಡಬ್ಬಿ ಬಾವಿಯ ಕಟ್ಟೆಯ ಕಲ್ಲಿನ ಹಿಂದೆ. ಒಳಗೆ ಅತ್ತರಿನ ಸಣ್ಣ ಶೀಷೆ. ಇನ್ನೇನು ಬೇಕು? ಅತ್ತರು ತೆಗೆದುಕೊಂಡೆ, ಉಂಡಿ ಇಟ್ಟೆ. ಇವನು ಇಟ್ಟು ಹೋದ ಮೇಲೆ ಯಾರೋ ಬಂದು ತೆಗೆದುಕೊಳ್ಳುತ್ತಾಳೆ. ಮನೆಯಲ್ಲಿ ಕಾವಲಿರುವ ಹೆಣ್ಣಿರಬೇಕು, ಇಲ್ಲವೇ ಗಂಡ ಇರುವವಳು. ನೀನು ಊರಲ್ಲಿ ಇಲ್ಲ, ಹಾದಿ ಸಲೀಸು. ಯಾರೆಂದು ನೋಡಿಯೇಬಿಡೋಣ ಎಂದರೆ ಉಮಾಬಾಯಿಗೆ ಮನೆಗೆ ನೆಂಟರು ಬರುವವರಿದ್ದರು, ಎಳೆದುಕೊಂಡು ಬಂದರು.

ನಿಮ್ಮ ಅಪ್ಪ ಚೆನ್ನಾಗಿದ್ದಾರೆ. ಅವರ ವಿಷಯ ನೀನು ಏನೂ ಚಿಂತೆ ಮಾಡಬೇಡ. ಒಂದೇ ದೂರು: ಈ ವಯಸ್ಸಿನಲ್ಲಿ ಕಳ್ಳತನ ಕಲಿತಿದ್ದಾರೆ. ಸಕ್ಕರೆ ಕಾಯಿಲೆ ಇದೆಯೆಂದು ಉಂಡಿ ಡಬ್ಬಿಯನ್ನು ಮೇಲಿನ ಹಲಗೆಗೆ ಇಟ್ಟಿದ್ದೇನೆ. ಆದರೂ ಮೊನ್ನೆ ಬಟ್ಟೆ ನೆನೆಹಾಕುವಾಗ ಅವರ ಅಂಗಿಯ ಜೇಬಿನಲ್ಲಿ ಅರ್ಧ ಉಂಡಿ! "ಕದ್ದು ತಿನ್ನಾಕ ನಾಚಿಕಿ ಬರಂಗಿಲ್ಲೇನ್ರೀ?" ಎಂದು ಹಿಡಿದುಕೊಂಡರೆ, "ನಾ ಡಬ್ಬಿಯಿಂದ ತಗೊಂಡೀನಾ? ನೀ ನೋಡಿದಿ?" ಎಂದು ನನ್ನನ್ನೇ ಕೇಳುತ್ತಾರೆ. ಎಂಥ ನಾಟಕ ನೋಡು. ಅಂದಿನಿಂದ ಅಡುಗೆಮನೆಗೆ ಬಂದು ಆ ಹಲಗೆಯನ್ನೇ ನೋಡುತ್ತ ನಿಲ್ಲುತ್ತಾರೆ. ಈಗ ಡಬ್ಬಿಯನ್ನು ಕಪಾಟಿಗೆ ಹಾಕಿ ಬೀಗ ಹಾಕಿದ್ದೇನೆ.

ಇರಲಿ. ಬರುವ ಭಾನುವಾರ ನಾನು ಅಲ್ಲಿಂದ ಕದಲುವುದಿಲ್ಲ, ಅವಳ ಮುಖ ನೋಡಿಯೇ ಬರುತ್ತೇನೆ. ಆದರೆ ಚಿತ್ರಾ, ಅಲ್ಲಿಯವರೆಗೆ ಕಾಯುವುದೂ ಬೇಡ ಅನಿಸುತ್ತದೆ. ಕುಂದಾಪುರದವರಿಗೆ ನಾವೇ ಬೇಡ ಎಂದುಬಿಡೋಣ. ಅವರು ಬೇಡ ಎನ್ನುವ ಮೊದಲು ನಾವು ಎಂದರೆ ನಿನ್ನ ಮರ್ಯಾದೆ ಉಳಿಯುತ್ತದೆ. ನೀನು ಅಳುತ್ತೀ, ನನಗೆ ಗೊತ್ತು. ಅತ್ತುಬಿಡು.

ಸೋಮವಾರ, 12 ಫೆಬ್ರವರಿ

ಮೇಲಿನದನ್ನು ಕೊರಿಯರ್‌ನವನ ಕೈಗೆ ಕೊಟ್ಟು, ಅವನು ತೂಗುವ ಮೊದಲೇ ವಾಪಸ್ ತೆಗೆದುಕೊಂಡು ಬಂದಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನೋಡೋಣ ಎಂದುಕೊಂಡೆ. ನಿನ್ನೆ ರಾತ್ರಿ ಹರಿದುಹಾಕಲು ಕೈಗೆತ್ತಿಕೊಂಡವಳು ಹಾಗೇ ಇಟ್ಟೆ. ನಿನ್ನ ಅಮ್ಮ ಎಂಥವಳು ಎಂದು ನಿನಗೂ ಗೊತ್ತಿರಲಿ. ಅದನ್ನೂ ಓದು, ಇದನ್ನೂ ಓದು.

ನಿನ್ನೆ ನಾವು ಗೇಟು ತೆಗೆಯುವ ಹೊತ್ತಿಗೇ ಅಲ್ಲಿದ್ದೆವು. ತರುಣ ಬಂದ. ಬಂಗಲೆಯ ಪೂರ್ವಕ್ಕೆ ಒಂದು ದೊಡ್ಡ ಆಲದಮರ ಇದೆ, ಅದರ ಬೇರಿನ ಪೊಟರೆಯಲ್ಲಿ ಡಬ್ಬಿ ಇಟ್ಟು ಹೋದ. ಈ ಸಲ ನಾನು ಏನೂ ತೆಗೆಯಲಿಲ್ಲ. ಉಂಡಿ ಮಾತ್ರ ಇಟ್ಟೆ, ಹಕ್ಕಿಗೆ ಕಾಳು ಚೆಲ್ಲಿದ ಹಾಗೆ. ಅವಳು ಅದನ್ನು ತಿನ್ನುತ್ತ ಸ್ವಲ್ಪ ಹೊತ್ತು ನಿಂತರೆ ಮುಖ ಸರಿಯಾಗಿ ನೋಡಬಹುದು ಎಂಬುದು ನನ್ನ ಲೆಕ್ಕ. ಆಮೇಲೆ ಇಬ್ಬರೂ ಬಿದ್ದ ಗೋಡೆಯ ಹಿಂದೆ ಅವಿತು ಕೂತೆವು. ಉಮಾಬಾಯಿ ಕೆಮ್ಮು ತಡೆಯಲು ಬಾಯಿಗೆ ಸೆರಗು ತುರುಕಿಕೊಂಡಿದ್ದರು.

ಬಹಳ ಹೊತ್ತಿನ ಮೇಲೆ ಎಲೆ ತುಳಿಯುವ ಸಪ್ಪಳ. ನಾನು ಕಲ್ಲಿನ ಸಂದಿಯಿಂದ ನೋಡಿದೆ. ಮಂಕಿಟೋಪಿ, ಬೂದು ಸ್ವೆಟರು, ಕೈಯಲ್ಲಿ ಆ ಹಳದಿ ಯಂತ್ರ. ಉಮಾಬಾಯಿ ಸೆರಗು ಉಗುಳಿ ನನ್ನ ತೋಳು ಚಿವುಟಿದರು. "ಅಯ್ಯ ಶಿವನೇ, ನಿಮ್ಮನಿಯವ್ರು!"

ನಿಮ್ಮ ಅಪ್ಪ. ವಚನ ಪಠಣಕ್ಕೆ ಹೋದವರು.

ಸುಳ್ಳು ಹೇಳಿದ್ದಕ್ಕೆ ಆಗಲೇ ಎದ್ದು ಕೂಗಬೇಕು ಅನಿಸಿತು. ಏಳಲಿಲ್ಲ, ಏಕೆಂದರೆ ಅವರು ನಡೆಯುತ್ತಿದ್ದ ರೀತಿ ಬೇರೆ ಇತ್ತು. ಯಂತ್ರ ನೋಡುತ್ತಿದ್ದರು, ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ಒಂದು ದಿಕ್ಕಿಗೆ ಹೊರಟು ನಿಲ್ಲುತ್ತಿದ್ದರು. ಆಲದಮರವನ್ನು ದಾಟಿ ಮುಂದೆ ಹೋದರು, ಮತ್ತೆ ಬಂದರು, ಮತ್ತೆ ದಾಟಿ ಹೋದರು. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನಗಳಿಗೆ ದಿಕ್ಕು ತೋರಿಸುವ ಯಂತ್ರ ಮಾಡಿದವರು ಅವರು. ಕೊನೆಗೆ ಪೊಟರೆಗೆ ಕೈ ಹಾಕಿ ಡಬ್ಬಿ ತೆಗೆದರು. ಆಗ ಅವರ ಮುಖದಲ್ಲಿ ಬಂದ ಸಂತೋಷವನ್ನು ನೀನು ನೋಡಬೇಕಿತ್ತು. ನೀನು ಹತ್ತನೆಯ ಇಯತ್ತೆ ಪಾಸಾದ ದಿನ ಹಾಗೆ ನಕ್ಕಿದ್ದರು.

ಮುಚ್ಚಳ ತೆಗೆದರು. ಉಂಡಿ ನೋಡಿದರು. ನಗು ಹೋಯಿತು.

ಉಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ತಮ್ಮ ಜೇಬುಗಳನ್ನು ಹುಡುಕತೊಡಗಿದರು. ಅಂಗಿಯ ಜೇಬು, ಪ್ಯಾಂಟಿನ ಜೇಬು, ಸ್ವೆಟರಿನ ಒಳಗೆ. ಒಂದು ಹಳೆಯ ಪೆನ್ನು ಸಿಕ್ಕಿತು, ಅದನ್ನು ನೋಡಿದರು, ಉಂಡಿ ನೋಡಿದರು, ಮತ್ತೆ ಜೇಬು ತಡವಿದರು. ಆಮೇಲೆ ಬೇರಿನ ಮೇಲೆ ಕೂತು ತಲೆ ಹಿಡಿದುಕೊಂಡರು. ಎಲ್ಲಿಂದಲೋ ನೋಡುತ್ತಿದ್ದ ತರುಣ ಓಡಿ ಬಂದ. ನಿಮ್ಮ ಅಪ್ಪ ಅವನಿಗೆ ಹೇಳಿದ್ದನ್ನು ನಾನು ಈ ಕಿವಿಯಿಂದ ಕೇಳಿದೆ. "ತಮ್ಮಾ, ಮತ್ತ ನಾನ ಇಟ್ಟೀನಿ ನೋಡು. ಡಬ್ಬಿಗೆ ಹಾಕಾಕಂತ ಪೆನ್ನ ತಂದಿದ್ದೆ, ಅದು ಕಿಸೆದಾಗ ಐತಿ. ಉಂಡಿ ತಂದದ್ದು ನೆನಪಿಲ್ಲ, ಇಟ್ಟದ್ದೂ ನೆನಪಿಲ್ಲ. ಮೊದಲ ದಾರಿ ಮರೀತಿದ್ದೆ, ಈಗ ಕೈಲೆ ಮಾಡಿದ್ದೂ ಮರಿಯಾಕತ್ತೀನಿ."

ತರುಣ, "ಅದು ನಾನೇ ತಂದದ್ದು ಅಂಕಲ್, ಗುರುವಾರ ನಿಮ್ಮ ಮನೆಯಿಂದ" ಎಂದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಚಿತ್ರಾ, ಆಗಲೂ ಕಿವಿ ಕೆಂಪಾಗಿತ್ತು. ನಿಮ್ಮ ಅಪ್ಪ ತಲೆ ಅಲ್ಲಾಡಿಸಿದರು. "ಸುಳ್ಳ ಹೇಳಬ್ಯಾಡೋ. ಹೋದ ವಾರ ನೀನೂ ಗಾಬರಿ ಆಗಿದ್ದಿ. ಇದು ಅಂಗಡ್ಯಾಂದಲ್ಲ, ಆಕಿ ಕೈಯಿಂದು. ಮನಿಯಿಂದ ನಾನ ತಂದಿರಬೇಕು, ಮತ್ತ್ಯಾರು ತರ್ತಾರ?"

ನಾನು ಹೇಗೆ ಎದ್ದೆ, ಗೋಡೆಯನ್ನು ಹೇಗೆ ದಾಟಿದೆ ನನಗೆ ತಿಳಿಯದು. ಉಮಾಬಾಯಿ ಹೇಳುವ ಪ್ರಕಾರ ನನ್ನ ಮೊಣಕಾಲಿಗೆ ಏನೂ ಆಗಿಲ್ಲ, ಎಲ್ಲ ಸೋಗು. ಅವರ ಮುಂದೆ ಹೋಗಿ ನಿಂತೆ. "ಉಂಡಿ ನಾ ಇಟ್ಟೀನ್ರೀ" ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಮೂರೂ ಸಲ ನಾನ ಇಟ್ಟಿದ್ದು. ಈ ಹುಡುಗನ್ನ ಹಿಡೀಬೇಕಂತ ಬಂದಿದ್ದೆ. ನೀವು ಏನೂ ಮರೆತಿಲ್ಲ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಗಂಡನನ್ನು, ಆಗಲಿರುವ ಅಳಿಯನನ್ನು ಕಳ್ಳರ ಹಾಗೆ ಕಾದು ಕೂತವಳಿಗೆ ಬೈಗುಳ ಸಲ್ಲಲೇಬೇಕು. ಅವರು ಕೇಳಿದ್ದು ಒಂದೇ ಮಾತು, "ಹೌದಾ? ನೀನ ಇಟ್ಟಿದ್ದಾ? ನಾನಲ್ಲಲಾ?" ನಾನು ಹೌದೆಂದೆ. ಮತ್ತೆ ಕೇಳಿದರು. ಮತ್ತೆ ಹೌದೆಂದೆ. ಎಷ್ಟು ಸಲ ಕೇಳಿದರೋ! ಆಮೇಲೆ ಉಂಡಿಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. ನಾನು ತಡೆಯಲಿಲ್ಲ. ಸಕ್ಕರೆ ಏರಿದರೆ ಏರಲಿ.

ಆಟೋದಲ್ಲಿ ಬರುವಾಗ ತರುಣ ಎಲ್ಲ ಹೇಳಿದ. ದೀಪಾವಳಿಯ ನಂತರ ಒಂದು ಮಧ್ಯಾಹ್ನ ನಿಮ್ಮ ಅಪ್ಪ ಬಸ್ಸು ಹತ್ತಿ ಬಾಲಾನಗರಕ್ಕೆ ಹೋಗಿಬಿಟ್ಟಿದ್ದರಂತೆ, ಡ್ಯೂಟಿಗೆ. ಕಾರ್ಖಾನೆಯ ಗೇಟಿನ ಮುಂದೆ ನಿಂತ ಮೇಲೆ ರಿಟೈರ್ ಆಗಿದ್ದು ನೆನಪಾಯಿತು, ಮನೆಗೆ ಬರುವ ದಾರಿ ಮಾತ್ರ ನೆನಪಾಗಲಿಲ್ಲ. ಜೇಬಿನಲ್ಲಿ ತರುಣ ಕೊಟ್ಟಿದ್ದ ಕಾರ್ಡು ಇತ್ತು. ಅವನೇ ಹೋಗಿ ಕರೆತಂದ. ನಮ್ಮಿಬ್ಬರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡರಂತೆ. ಚಿತ್ರಾಳ ಮದುವೆ ಆಗುವ ತನಕ ಯಾರಿಗೂ ಗೊತ್ತಾಗಬಾರದು, ಅದರಲ್ಲೂ ಕುಂದಾಪುರದವರಿಗೆ ಗೊತ್ತಾಗಲೇಬಾರದು ಎಂದು ಅವನ ಕೈ ಹಿಡಿದುಕೊಂಡರಂತೆ. ಅವನು ನಿನಗೂ ಹೇಳದೆ ಬಿಟ್ಟದ್ದಕ್ಕೆ ನೀನು ಸಿಟ್ಟಾಗುವುದಾದರೆ ಆಗು. ನನಗೆ ಆಗಲಿಲ್ಲ.

ಇನ್ನು ಆ ಡಬ್ಬಿ. ಅದು ಒಂದು ಆಟವಂತೆ, ಜಿಯೋಕ್ಯಾಷಿಂಗ್ ಅಂತ ಹೆಸರು. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶ ಕೊಡುತ್ತಾರೆ, ಇನ್ನೊಬ್ಬರು ಉಪಗ್ರಹ ನೋಡಿ ದಾರಿ ಹೇಳುವ ಯಂತ್ರ ಹಿಡಿದು ಹುಡುಕುತ್ತಾರೆ. ಒಂದು ವಸ್ತು ತೆಗೆದುಕೊಂಡರೆ ಇನ್ನೊಂದು ಇಡಬೇಕೆಂಬುದು ಅದರ ನಿಯಮ. ತರುಣ ಪ್ರತಿ ಭಾನುವಾರ ಒಂದು ಹೊಸ ಜಾಗದಲ್ಲಿ ಬಚ್ಚಿಟ್ಟು, ಗೇಟಿನಲ್ಲಿ ಕಾಯುವ ನಿಮ್ಮ ಅಪ್ಪನಿಗೆ ಯಂತ್ರ ಕೊಟ್ಟು ಕಳಿಸುತ್ತಿದ್ದ. ಅದರಲ್ಲಿ ನಮ್ಮ ಮನೆಯನ್ನೂ ಗುರುತು ಹಾಕಿ ಕೊಟ್ಟಿದ್ದಾನೆ, ಎಲ್ಲೇ ಇದ್ದರೂ ಗುಂಡಿ ಒತ್ತಿದರೆ ಬಾಣ ಮನೆಯ ಕಡೆ ತಿರುಗುತ್ತದೆ. ಡಬ್ಬಿಯಲ್ಲಿ ಇಡುವುದೆಲ್ಲ ಅವರಿಗೆ ಗುರುತಿರುವ ವಸ್ತು: ಕಾರ್ಖಾನೆಯ ಸ್ಕ್ರೂ, ವಿಮಾನ, ಅವರು ಮೊದಲು ಹಚ್ಚಿಕೊಳ್ಳುತ್ತಿದ್ದ ಖಸ್ ಅತ್ತರು. ಕೆಂಪು ಚಿಟ್ಟೆ ಕ್ಲಿಪ್ಪು ನಿನ್ನದೇ. ಹೆತ್ತ ತಾಯಿಗೆ ಮಗಳ ಕ್ಲಿಪ್ಪು ಗುರುತು ಸಿಗಲಿಲ್ಲ. ನೆನಪು ಯಾರದು ಹೋಗಿದೆಯೋ!

ಈಗ ನಾನು ನಿನಗೆ ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ನಿಮ್ಮ ಅಪ್ಪನ ವಿಷಯ ನನಗೆ ದಸರೆಯಲ್ಲೇ ಗೊತ್ತಿತ್ತು. ಬನ್ನಿ ಕೊಡಲು ಹೋದವರು ತಿರುಗಿ ಬಂದು ನಮ್ಮ ಗೇಟಿನ ಹೊರಗೆ ನಿಂತು, "ಕಲ್ಯಾಣಪ್ಪನವರ ಮನಿ ಇದ ಏನ್ರಿ?" ಎಂದು ನನ್ನನ್ನು ಕೇಳಿದರು. ಕಲ್ಯಾಣಪ್ಪ ಎಂದರೆ ಅವರೇ ತಾನೆ? ನಾನು ಚೇಷ್ಟೆ ಎಂದು ನಕ್ಕೆ. ಅವರೂ ನಕ್ಕರು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಜೇಬಿನಲ್ಲಿ ಅರ್ಧ ಉಂಡಿ ಸಿಕ್ಕ ದಿನ ಅವರು ಕೇಳಿದ ಪ್ರಶ್ನೆಗೆ ನನ್ನ ಎದೆ ಧಸಕ್ಕೆಂದಿತ್ತು. ನಿನಗೆ ನಾಟಕ ಎಂದು ಬರೆದೆ.

ಹೋಳಿ ಹುಣ್ಣಿಮೆ ಎಂದು ತಳ್ಳಿದ್ದೂ ಅದಕ್ಕೇ. ತಂದೆಗೆ ಬುದ್ಧಿ ಸ್ತಿಮಿತವಿಲ್ಲ, ನಾಳೆ ಮಗಳಿಗೂ ಬರುತ್ತದೆ, ಅವಳ ಮಕ್ಕಳಿಗೂ ಬರುತ್ತದೆ ಎಂದು ಅವರು ನಿನ್ನನ್ನು ತಿರಸ್ಕರಿಸುತ್ತಾರೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ನಿನಗೆ ಆ ಮಾತು ಬರುವ ಮೊದಲು ಹುಡುಗನಲ್ಲೇ ಒಂದು ಹುಳುಕು ಸಿಕ್ಕರೆ ನಾವೇ ಬೇಡ ಎನ್ನಬಹುದಲ್ಲ ಎಂದು ಹುಡುಕುತ್ತಿದ್ದೆ. ಹುಳುಕು ಸಿಕ್ಕಿತೆಂದು ಒಳಗೊಳಗೇ ಸಮಾಧಾನವೂ ಆಗಿತ್ತು, ದೇವರು ಕ್ಷಮಿಸಲಿ. ಅವರು ನನ್ನಿಂದ ಬಚ್ಚಿಟ್ಟರು, ನಾನು ಅವರಿಂದ ಬಚ್ಚಿಟ್ಟೆ, ಇಬ್ಬರೂ ಸೇರಿ ನಿನ್ನಿಂದ ಬಚ್ಚಿಟ್ಟೆವು.

ನಾಳೆ ಬೆಳಿಗ್ಗೆ ಕುಂದಾಪುರಕ್ಕೆ ನಾನೇ ಫೋನ್ ಮಾಡುತ್ತೇನೆ. ತರುಣನ ತಾಯಿಗೆ ಎಲ್ಲ ಹೇಳುತ್ತೇನೆ. ಇನ್ನು ಬಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗನ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಅವರು ಬೇಡ ಎಂದರೆ ಅವರನ್ನು ಬೈಯಬೇಡ, ತರುಣನನ್ನೂ ಹೆತ್ತವರ ವಿರುದ್ಧ ಎಬ್ಬಿಸಬೇಡ. ಆಮೇಲಿನದು ನಿಮ್ಮಿಬ್ಬರಿಗೆ ಬಿಟ್ಟದ್ದು. ನಿಮ್ಮ ಅಪ್ಪನಿಗೆ ಹೇಳಿದ್ದೇನೆ, ಫೋನ್ ಮಾಡುತ್ತೇನೆ ಎಂದು. "ನನ್ನಿಂದ ಹುಡುಗಿದು ಕೆಡ್ತೈತಲ್ಲ ನೀಲಾ" ಎಂದು ಆಗಿನಿಂದ ಕುರ್ಚಿಯಲ್ಲಿ ಹಾಗೇ ಕೂತಿದ್ದಾರೆ. ಊಟ ಮಾಡಿಲ್ಲ. ನನಗೂ ಸೇರಿಲ್ಲ.

ಮೈ ಜೋಪಾನ. ನಿನ್ನ ಮೇಲೆ ಸಿಟ್ಟು ಎಂದೂ ಇರಲಿಲ್ಲ, ಭಯ ಇತ್ತು.

ಹೇಗಿದ್ದರೂ ನಿನ್ನ,
ಅಮ್ಮ
(ನೀಲಾಂಬಿಕಾ)

ತಾ. ಕ. — ಮಂಗಳವಾರ ಮಧ್ಯಾಹ್ನ. ಫೋನ್ ಮಾಡಿದೆ. ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆಯಿತು, ಮುಗಿಯಿತು ಎಂದುಕೊಂಡೆ. ತರುಣನ ತಾಯಿ ನಿಧಾನಕ್ಕೆ ಹೇಳಿದರು: "ಅದು ನಮಗೆ ಗೊತ್ತುಂಟಲ್ಲ ನೀಲಾಂಬಿಕಮ್ಮ. ಡಿಸೆಂಬರಿನಲ್ಲಿ ಬಂದಾಗ ಊಟ ಆದ ಮೇಲೆ ನಿಮ್ಮ ಯಜಮಾನರೇ ಇವರನ್ನು ಹೊರಗೆ ಕರಕೊಂಡು ಹೋಗಿ ಎಲ್ಲ ಹೇಳಿದ್ದಾರೆ. ಮುಚ್ಚಿಟ್ಟು ಹೆಣ್ಣು ಕೊಡುವುದಿಲ್ಲ, ನೋಡಿ ಯೋಚನೆ ಮಾಡಿ ಅಂದ್ರಂತೆ. ನಾವು ಅಲ್ಲೇ ಯೋಚನೆ ಮಾಡಿ ಆಯ್ತು. ದಿನ ಕೊಡ್ಲಿಕ್ಕೆ ನೀವೇ ತಡ ಮಾಡಿದ್ದು." ರಿಸೀವರ್ ಇಟ್ಟು ಕುರ್ಚಿಯ ಕಡೆ ತಿರುಗಿದೆ. ನೀವು ಅವರಿಗೆ ಅಂದೇ ಹೇಳಿದ್ದಿರಂತೆ ಎಂದೆ. ನಿಮ್ಮ ಅಪ್ಪ ಬಹಳ ಹೊತ್ತು ನನ್ನ ಮುಖ ನೋಡಿದರು, ಯೋಚಿಸಿದರು, ನೆನಪಾಗಲಿಲ್ಲ. ಕೊನೆಗೆ, "ಹೇಳೀನಂದ್ರ ಛಲೋ ಆತು ಬಿಡು" ಎಂದರು.